ಕಿವಿಯಕ್ಕ ಮತ್ತು ನಾಲ್ಕು ತೂತಿನ ಗುಂಡಿ

ಅವಳಿಗೆ ಹಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳ ಕಿವಿಯ ಸುದ್ದಿ ಕೇಳಿದವರೆಲ್ಲ ಯಾರೋ ದೊಡ್ಡ ಹಾಡುಗಾರ್ತಿ ಇರಬೇಕು ಎಂದುಕೊಳ್ಳುತ್ತಾರೆ. ಅವಳು ಜೋಗುಳ ತೆಗೆದರೆ ಮಕ್ಕಳು ನಿದ್ದೆ ಬಂದು ಮಲಗುತ್ತಿರಲಿಲ್ಲ, ಹಾಡು ನಿಂತರೆ ಸಾಕೆಂದು ಕಣ್ಣು ಮುಚ್ಚುತ್ತಿದ್ದವು. ನಾವು ಹಾಗೆಂದು ಆಡಿಕೊಂಡರೆ, "ಹೇಗೋ ಮಲಗ್ತಾವಲ್ಲ, ನಿಮ್ಮ ಗಂಟೇನು ಹೋಯ್ತು?" ಎನ್ನುತ್ತಿದ್ದಳು.

ಅದು ಅಂಗಿ ಹೊಲಿಯುವ ಫ್ಯಾಕ್ಟರಿ. ಮೇಲಿನ ಎರಡು ಮಹಡಿಗಳಲ್ಲಿ ನಾನೂರು ಹೊಲಿಗೆ ಯಂತ್ರ. ಕೆಳಗೆ ಮೆಟ್ಟಿಲ ಹಿಂದೆ ಒಂದು ಉದ್ದನೆಯ ಕೋಣೆ. ಕೆಲಸಕ್ಕೆ ಬರುವ ತಾಯಂದಿರು ಎಳೆಮಕ್ಕಳನ್ನು ಬಿಟ್ಟುಹೋಗುವ ಜಾಗ. ಯಂತ್ರಗಳು ಓಡುವಾಗ ಅದರ ಛಾವಣಿ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಲೋಟದಲ್ಲಿ ನೀರಿಟ್ಟರೆ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಮೂಡುತ್ತಿದ್ದವು. ಇಪ್ಪತ್ತೇಳು ಮಕ್ಕಳು. ನೋಡಿಕೊಳ್ಳಲು ಮೂವರು: ಅವಳು, ದಾರ ಕತ್ತರಿಸುವ ಕೆಲಸದಿಂದ ಕೆಳಗೆ ಕಳಿಸಿದ್ದ ಒಬ್ಬ ಹುಡುಗಿ, ಹಾಲು ಕಾಯಿಸಿ ನೆಲ ಒರೆಸುವ ನಾನು. ಮಕ್ಕಳಿಗೆ ನಾನು ಹಾಲಜ್ಜಿ. ಅವಳು ಎಲ್ಲರಿಗೂ ಕಿವಿಯಕ್ಕ.

ಆ ಗದ್ದಲದ ಕೆಳಗೆ ಕೂತು ಅವಳು ಮಗುವಿನ ಉಸಿರು ಕೇಳುತ್ತಿದ್ದಳು. ಹನ್ನೊಂದು ವರ್ಷ ಪಕ್ಕದಲ್ಲೇ ಇದ್ದು ನೋಡಿದವಳು ನಾನು.

ಅವಳ ಅಪ್ಪನದು ಸೈಕಲ್ ಪಂಕ್ಚರ್ ಅಂಗಡಿ. ಎಲ್ಲರೂ ಗಾಳಿ ತುಂಬಿದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾರಲ್ಲ, ಆ ಮನುಷ್ಯ ಅದಕ್ಕೂ ಮೊದಲು ಟ್ಯೂಬನ್ನು ಮಗಳ ಕೆನ್ನೆಯ ಹತ್ತಿರ ನಿಧಾನವಾಗಿ ತಿರುಗಿಸುತ್ತಿದ್ದನಂತೆ. ನೀರು ಆಮೇಲೆ, ಮೊದಲು ಕಿವಿ ಹೇಳಲಿ ಎನ್ನುತ್ತಿದ್ದನಂತೆ. ಗಾಳಿ ಎಲ್ಲಿ ಸೋರುತ್ತಿದೆ, ತೂತು ಮೊಳೆಯದೋ ಮುಳ್ಳಿನದೋ ಗಾಜಿನ ಚೂರಿನದೋ, ಏಳು ವರ್ಷದ ಹುಡುಗಿ ಕಣ್ಣು ಮುಚ್ಚಿಕೊಂಡು ಹೇಳಬೇಕು. ಸರಿ ಹೇಳಿದರೆ ಒಂದು ಪೆಪ್ಪರ್‌ಮಿಂಟು, ತಪ್ಪಿದರೆ ತಲೆಗೊಂದು ಮೊಟಕು. "ಮೊಟಕೇ ಜಾಸ್ತಿ ಬಿತ್ತು, ಅದಕ್ಕೇ ನನ್ನ ಹಲ್ಲು ಇನ್ನೂ ಗಟ್ಟಿ ಇರೋದು," ಎಂದು ನಗುತ್ತಿದ್ದಳು.

ಫ್ಯಾಕ್ಟರಿಗೆ ಅವಳು ಬಂದದ್ದು ಇಸ್ತ್ರಿ ಮಾಡಲು. ಒಂದು ದಿನ ಕುಡಿಯುವ ನೀರಿಗೆಂದು ಕೆಳಗಿಳಿದವಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಒಬ್ಬ ಹುಡುಗ ಬಾಯಿ ತೆರೆದು ಗೊರಕೆ ಹೊಡೆಯುತ್ತ ಮಲಗಿದ್ದ. ನಾಲ್ಕು ವರ್ಷದವನು. ಕರೆದರೆ ತಿರುಗುವವನಲ್ಲ, ಮಂಕು ಎಂದು ಅವನ ಅಮ್ಮನೇ ಕೈಬಿಟ್ಟಿದ್ದಳು. ಇವಳು ಬಾಗಿಲಲ್ಲೇ ಬೆರಳು ಮಡಚಿ ಎಣಿಸಿದಳು. ಗೊರಕೆ ನಡುವೆ ನಿಂತುಹೋಗುತ್ತದೆ, ನಿಂತು ಎಂಟು ಎಣಿಸುವವರೆಗೆ ಉಸಿರೇ ಇಲ್ಲ, ಆಮೇಲೆ ಮುಳುಗಿ ಎದ್ದವನಂತೆ ಎಳೆದುಕೊಳ್ಳುತ್ತಾನೆ ಎಂದು ಅವನ ಅಮ್ಮನಿಗೆ ಹೇಳಿದಳು. ಆಸ್ಪತ್ರೆಯಲ್ಲಿ ಮೂಗಿನ ಹಿಂಬದಿ ಮಾಂಸ ಬೆಳೆದು ದಾರಿ ಮುಚ್ಚಿದೆ, ಕಿವಿಯೊಳಗೂ ನೀರು ಕಟ್ಟಿದೆ ಎಂದರು. ಆಪರೇಷನ್ ಆಯಿತು. ವಾಪಸು ಬಂದ ಹುಡುಗ ಮೊದಲ ದಿನ ಎರಡೂ ಕಿವಿ ಮುಚ್ಚಿಕೊಂಡು ಕೂತ. ಮೇಲಿನ ಯಂತ್ರಗಳ ಸದ್ದು ಅವನಿಗೆ ಅದುವರೆಗೆ ಸರಿಯಾಗಿ ಕೇಳಿಯೇ ಇರಲಿಲ್ಲವಂತೆ. ಆ ವಾರವೇ ಅವಳನ್ನು ಇಸ್ತ್ರಿಯಿಂದ ಬಿಡಿಸಿ ಮಕ್ಕಳ ಕೋಣೆಗೆ ಹಾಕಿದರು.

ಅವಳು ಔಷಧಿ ಕೊಡುತ್ತಿರಲಿಲ್ಲ. ಮೂಗಿಗೆ ಎಣ್ಣೆ ಬಿಡುವವರನ್ನು ಕಂಡರೆ ಉರಿದುಬೀಳುತ್ತಿದ್ದಳು. ಕೇಳುವುದು, ಕಳಿಸುವುದು, ಅಷ್ಟೇ ಅವಳ ಕೆಲಸ. ಸ್ಟೀಲ್ ತಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಒರೆಸಿ, ಮಗುವಿನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ತಟ್ಟೆಯ ಮೇಲೆ ಎರಡು ಮಬ್ಬು ಮೂಡಬೇಕು. ಒಂದೇ ಮೂಡಿದರೆ ಇನ್ನೊಂದು ಬಾಗಿಲು ಮುಚ್ಚಿದೆ ಎಂದರ್ಥ. ಎರಡೂ ಹೊಳ್ಳೆ ಸುರಿದರೆ ನೆಗಡಿ. ಒಂದೇ ಹೊಳ್ಳೆ ವಾರಗಟ್ಟಲೆ ಸುರಿದು ನಾತ ಬಂದರೆ, "ಒಳಗೆ ಯಾರೋ ಬಾಡಿಗೆಗೆ ಬಂದು ಕೂತಿದ್ದಾರೆ, ಡಾಕ್ಟರ ಹತ್ತಿರ ಖಾಲಿ ಮಾಡಿಸ್ಕೊಂಡು ಬಾ," ಎನ್ನುತ್ತಿದ್ದಳು. ಹಾಗೆ ಖಾಲಿಯಾದವರಲ್ಲಿ ಒಂದು ರಬ್ಬರಿನ ಚೂರು, ಒಂದು ಹಾಸಿಗೆಯ ಸ್ಪಂಜು, ಒಂದು ಕಡಲೆಕಾಳು ಇದ್ದದ್ದು ನನಗೆ ಗೊತ್ತು. ಕಾಳು ಆಗಲೇ ಮೊಳಕೆ ಒಡೆದಿತ್ತು.

ತಪ್ಪುತ್ತಲೂ ಇದ್ದಳು. ಹುಟ್ಟಿದಾಗಿನಿಂದ ಉಸಿರೆಳೆಯುವಾಗೆಲ್ಲ ಕೀಚ್ ಎನ್ನುತ್ತಿದ್ದ ಒಂದು ಕೂಸಿಗಾಗಿ ಮೂರು ಸಲ ಆಸ್ಪತ್ರೆಗೆ ಓಡಿಸಿದಳು. ಗಂಟಲಿನ ಮೆದು ಎಲುಬು ಇನ್ನೂ ಎಳೆಯದು, ಬೆಳೆದಂತೆ ಗಟ್ಟಿಯಾಗಿ ತಾನೇ ಹೋಗುತ್ತದೆ ಎಂದು ಮೂರು ಸಲವೂ ಹೇಳಿ ಕಳಿಸಿದರು. ವರ್ಷ ತುಂಬುವಷ್ಟರಲ್ಲಿ ಹೋಯಿತು. ಆ ತಾಯಿ ಕಿವಿಯಕ್ಕನ ಮುಂದೆ ಹಾದುಹೋಗುವಾಗೆಲ್ಲ "ಕೀಚ್" ಎಂದು ಅಣಕಿಸಿಕೊಂಡೇ ಹೋಗುತ್ತಿದ್ದಳು.

ನಮ್ಮ ಹೊಸ್ತಿಲಿಗೆ ಒಂದು ಬಿಳಿ ಬಟ್ಟೆ ಹಾಸಿರುತ್ತಿತ್ತು. ಅದು ಅವಳೇ ತಂದ ಪದ್ಧತಿ. ಹಾಲುಣಿಸಲು, ತಿನ್ನಿಸಲು ಇಳಿದುಬರುವ ತಾಯಂದಿರು ಮಗುವನ್ನು ಮುಟ್ಟುವ ಮೊದಲು ಆ ಬಟ್ಟೆಯ ಮೇಲೆ ನಿಂತು ಏಪ್ರನ್ ಕೊಡವಬೇಕು, ಜೇಬನ್ನು ಹೊರಮಗ್ಗುಲಾಗಿ ತೆಗೆಯಬೇಕು. ದಾರದ ತುಂಡು, ಮುರಿದ ಸೂಜಿಯ ಮೊನೆ, ಗುಂಡಿ, ಏನಿದ್ದರೂ ಬಿಳಿಯ ಮೇಲೆ ಕಾಣುತ್ತದೆ. ಸೊಸೆ ಬಂದರೆ ಅತ್ತೆ ತಪಾಸಣೆ ಮಾಡಿದಂತೆ ಮಾಡ್ತೀಯಲ್ಲ ಎಂದು ಹೆಂಗಸರು ರೇಗಿಸುತ್ತಿದ್ದರು. ರೇಗಿಸುತ್ತಲೇ ಕೊಡವುತ್ತಿದ್ದರು.

ಗುಂಡಿ ವಿಭಾಗದಲ್ಲಿ ಒಬ್ಬ ತಾಯಿ ಇದ್ದಳು. ಮಾತು ಕಡಿಮೆ, ಕೈ ಚುರುಕು. ಅವಳ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಗಾತ್ರಕ್ಕೂ ಗುಣಕ್ಕೂ ಸೇರಿ ನಾವಿಟ್ಟ ಹೆಸರು ಮೆಣಸು. ಆ ದಿನ ಹೊರಗೆ ಲಾರಿ ನಿಂತಿತ್ತು. ಮಧ್ಯಾಹ್ನದೊಳಗೆ ಅಂಗಿಗಳ ಪೆಟ್ಟಿಗೆ ಹೋಗಲೇಬೇಕೆಂದು ಹತ್ತೂಮುಕ್ಕಾಲರ ಬಿಡುವನ್ನು ಅರ್ಧಕ್ಕೆ ಇಳಿಸಿದ್ದರು. ಕಿವಿಯಕ್ಕ ಇನ್ನೊಂದು ಮಗುವಿನ ಬಟ್ಟೆ ಬದಲಿಸುತ್ತಿದ್ದಳು, ನಾನು ಹಾಲಿನ ಪಾತ್ರೆ ಇಳಿಸುತ್ತಿದ್ದೆ. ಮೆಣಸಿನ ಅಮ್ಮ ಓಡಿ ಬಂದವಳು ಬಿಳಿ ಬಟ್ಟೆಯನ್ನು ದಾಟಿಯೇ ಬಿಟ್ಟಳು. ನಾನು ನೋಡಿದೆ. ಪಾಪ, ಹೊತ್ತಿಲ್ಲ ಎಂದು ಸುಮ್ಮನಾದೆ.

ಹಾಲಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತಿದ್ದಾಗ ಮೆಣಸು ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಮುಖ ಕೆಂಪಾಗಿ, ತುಟಿ ಕಪ್ಪಿಟ್ಟು, ಸದ್ದೇ ಹೊರಡದಾಯಿತು. ಕಿವಿಯಕ್ಕ ಎರಡೇ ಹೆಜ್ಜೆಗೆ ಬಂದು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಬಡಿದಳು. ನಾಲ್ಕನೇ ಏಟಿಗೆ ಬಿಸ್ಕತ್ತಿನ ಮುದ್ದೆ ಬಿತ್ತು. ಮಗು ದೊಡ್ಡದಾಗಿ ಅತ್ತಳು. ಅಷ್ಟು ಚೆಂದದ ಅಳುವನ್ನು ನಾನು ಕೇಳಿರಲಿಲ್ಲ.

ನೆತ್ತಿಗೆ ಹತ್ತಿತ್ತು, ಹೋಯಿತು ಎಂದರು ಎಲ್ಲರೂ. ಮಗು ನಕ್ಕಳು, ಆಟಕ್ಕೆ ಇಳಿದಳು. ಗಂಟೆ ಬಾರಿಸಿತು. ಅವಳ ಅಮ್ಮ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದಳು.

ಮಧ್ಯಾಹ್ನ ಹನ್ನೆರಡೂವರೆಗೆ ಚಾಪೆ ಹಾಸಿ ಎಲ್ಲರನ್ನೂ ಮಲಗಿಸುವ ಹೊತ್ತು. ಮಕ್ಕಳು ಮಲಗಿದ ಮೇಲೆ ಕಿವಿಯಕ್ಕ ಸಾಲಿನ ನಡುವೆ ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಿದ್ದಳು. ಆ ದಿನ ಮೆಣಸಿನ ಹತ್ತಿರ ನಿಂತಳು. ಕೂತಳು. ಮಗುವಿನ ಎದೆಗೆ ಕಿವಿಯಿಟ್ಟಳು, ಹೊರಳಿಸಿ ಬೆನ್ನಿಗೆ ಇಟ್ಟಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅವಳು ಅಷ್ಟು ಹೊತ್ತು ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಹಾಲಜ್ಜಿ, ಎಡಗಡೆ ಗಾಳಿ ಓಡಾಡ್ತಾ ಇದೆ. ಬಲಗಡೆ ಯಾರೋ ಕಿಟಕಿ ಸಂದೀಲಿ ನಿಂತು ಸಿಳ್ಳೆ ಹಾಕ್ತಾ ಇದ್ದಾರೆ."

ನಾನೂ ಕಿವಿಯಿಟ್ಟೆ. ನನಗೆ ಕೇಳಿಸಿದ್ದು ಮೇಲಿನ ಯಂತ್ರ, ನನ್ನದೇ ಎದೆಬಡಿತ.

ಅವಳು ಮಗುವನ್ನು ಎತ್ತಿಕೊಂಡು ನೆಟ್ಟಗೆ ಸೂಪರ್‌ವೈಸರ್ ಹತ್ತಿರ ಹೋದಳು. ಗುಂಡಿ ಏನಾದರೂ ಕಳೆದಿದೆಯಾ ಎಂದು ಕೇಳಿದಳು. ಆ ವಿಭಾಗದಲ್ಲಿ ಗುಂಡಿಗಳನ್ನು ಬೆಳಿಗ್ಗೆ ಎಣಿಸಿ ಕೊಡುತ್ತಾರೆ, ಪ್ರತಿ ಕಟ್ಟು ಅಂಗಿ ಮುಗಿದ ಮೇಲೆ ಉಳಿದದ್ದನ್ನು ಎಣಿಸಿ ತೆಗೆದುಕೊಳ್ಳುತ್ತಾರೆ. ಒಂದು ಕಡಿಮೆ ಬಂದರೂ ಅದು ಸಿಗುವವರೆಗೆ ಇಡೀ ಸಾಲನ್ನು ನಿಲ್ಲಿಸುತ್ತಾರೆ. ಸೂಪರ್‌ವೈಸರ್ ಕೆಟ್ಟವನೇನಲ್ಲ. ಪುಸ್ತಕ ತೆಗೆದು ತೋರಿಸಿದ. ಬೆಳಿಗ್ಗೆಯಿಂದ ಒಂದು ಗುಂಡಿಯೂ ಹೋಗಿಲ್ಲ, ಮೆಣಸಿನ ಅಮ್ಮನ ಲೆಕ್ಕವೂ ಸರಿಯಾಗಿದೆ.

"ಲೆಕ್ಕ ಸರಿ ಇರಬಹುದು ಸಾರ್. ಉಸಿರು ಸರಿ ಇಲ್ಲ."

"ಕಿವಿಯಕ್ಕಾ, ಆಡ್ಕೊಂಡಿದ್ದ ಮಗೂನ ಯಾಕೆ ರೋಗಿ ಮಾಡ್ತೀಯಾ? ಮತ್ತೆ ಕೀಚ್ ಅನ್ನಿಸ್ಕೋಬೇಕಾ?"

"ಅನ್ನಿಸ್ಕೋತೀನಿ. ವ್ಯಾನ್ ಕೊಡಿ."

ಗೊಣಗುತ್ತಲೇ ಕೊಟ್ಟ. ಉಳಿದ ಮಕ್ಕಳನ್ನು ನಮ್ಮ ಹುಡುಗಿಗೆ ಒಪ್ಪಿಸಿ ಮಗುವಿನ ಅಮ್ಮ, ಕಿವಿಯಕ್ಕ, ಜೊತೆಗೆ ನಾನು ಹೋದೆವು. ಹೊಸ ಜಾಗದಲ್ಲಿ ಮೆಣಸು ನಿದ್ದೆ ಹೋಗುವುದು ನನ್ನ ಮಡಿಲಲ್ಲಿ ಮಾತ್ರ, ಅದಕ್ಕೇ ನನ್ನನ್ನು ಕರೆದದ್ದು.

ಆಸ್ಪತ್ರೆಯಲ್ಲಿ ಮಗು ಎಚ್ಚರವಾಗಿ ಊರು ಒಂದಾಗುವಂತೆ ಅತ್ತಳು. ಮೊದಲು ನೋಡಿದ ಡಾಕ್ಟರಿಗೆ ಅಳುವಿನ ಸದ್ದಲ್ಲಿ ಏನೂ ತಿಳಿಯಲಿಲ್ಲ. ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಇರಲಿಲ್ಲ. ಸ್ವಲ್ಪ ಶೀತ ಇರಬಹುದು, ಔಷಧಿ ಬರೆದುಕೊಡುತ್ತೇನೆ ಎಂದರು. ಮೆಣಸಿನ ಅಮ್ಮ ಚೀಟಿಗೆ ಕೈ ಚಾಚಿದಳು. ಅವಳ ಮುಖದಲ್ಲಿ ಎಂಥ ನಿರಾಳ ಇತ್ತೆಂದರೆ, ಬರೀ ಶೀತವೇ ಆಗಿರಲಿ ಎಂದು ನನಗೂ ಅನ್ನಿಸಿತು.

ಕಿವಿಯಕ್ಕ ಜಗಳ ಮಾಡಲಿಲ್ಲ. ಮಗು ಮಲಗಿದ ಮೇಲೆ ಇನ್ನೊಂದು ಸಲ ಕೇಳುತ್ತೀರಾ ಎಂದು ಕೈಮುಗಿದು ಕೇಳಿದಳು. ಅವರು ಕಿವಿ-ಮೂಗು-ಗಂಟಲಿನ ವಿಭಾಗದ ಬೆಂಚು ತೋರಿಸಿ, ಅಲ್ಲಿ ಕೂತಿರಿ, ದೊಡ್ಡ ಡಾಕ್ಟ್ರಮ್ಮ ಬಂದಾಗ ಹೇಳುತ್ತೇನೆ ಎಂದರು. ಬೆಂಚಿನ ಮೇಲೆ ಎಷ್ಟು ಮಕ್ಕಳು! ಕೆಲವು ಬಾಯಿ ತೆರೆದಿದ್ದವು, ಕೆಲವು ಕಿವಿ ಹಿಡಿದಿದ್ದವು, ಕೆಲವು ಗಂಟಲು ಊದಿ ನುಂಗಲಾರದೆ ಜೊಲ್ಲು ಸುರಿಸುತ್ತಿದ್ದವು. ಕಿವಿಯಕ್ಕ ಅಷ್ಟೂ ಉಸಿರುಗಳ ನಡುವೆ ಕಣ್ಣು ಮುಚ್ಚಿ ಕೂತಿದ್ದಳು. ಸಂತೆಯಲ್ಲಿ ತನ್ನ ಮಗುವಿನ ಕೂಗಿಗಾಗಿ ಕಾಯುವವಳಂತೆ.

ಮೂರು ಗಂಟೆಗೆ ಮೆಣಸು ನನ್ನ ಮಡಿಲಲ್ಲಿ ನಿದ್ದೆ ಹೋದಳು. ಡಾಕ್ಟ್ರಮ್ಮ ಬಂದು ನೆಲದ ಮೇಲೆ ಮಂಡಿಯೂರಿ, ಮಗುವನ್ನು ಎಬ್ಬಿಸದೆ, ಬೆನ್ನಿಗೆ ಸ್ಟೆತಸ್ಕೋಪಿನ ಕೊಳವೆ ಇಟ್ಟು ಕೇಳಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕಿವಿಯಕ್ಕ ಮಾಡಿದ್ದನ್ನೇ ಅವರೂ ಮಾಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು.

"ಇದನ್ನ ಮೊದಲು ಕೇಳಿದ್ದು ಯಾರು?" ಎಂದರು.

ನಾನು ತೋರಿಸಿದೆ. ಡಾಕ್ಟ್ರಮ್ಮ ಅವಳ ಕುತ್ತಿಗೆ ನೋಡಿದರು, ಕೈ ನೋಡಿದರು. ಕೇಳುವ ಕೊಳವೆ ಎಲ್ಲಿ ಎಂದು ಹುಡುಕಿದರೋ ಏನೋ.

ಆಮೇಲೆ ನಿಧಾನವಾಗಿ ಹೇಳಿದರು. ಬಲಗಡೆಯ ಶ್ವಾಸನಾಳದಲ್ಲಿ ಏನೋ ಸಿಕ್ಕಿಕೊಂಡಿದೆ. ಅಂಥದ್ದು ಮೊದಲು ಕೆಮ್ಮಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಎಲ್ಲರೂ ಹೋಯಿತು ಎಂದುಕೊಳ್ಳುತ್ತಾರೆ. ಎಲ್ಲ ವಸ್ತುವೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೇಗೂ ಮಗುವಿಗೆ ಮತ್ತು ಬರುವ ಔಷಧಿ ಕೊಟ್ಟು, ಗಂಟಲಿನಿಂದ ಕೊಳವೆ ಇಳಿಸಿ ನೋಡಲೇಬೇಕು. ಆದರೆ ಅದು ಬಿಸ್ಕತ್ತಿನ ಚೂರಾದರೆ ಒಂದು ಬಗೆ, ಗಟ್ಟಿ ವಸ್ತುವಾದರೆ ಇನ್ನೊಂದು ಬಗೆ. ಗಟ್ಟಿಯಾದದ್ದು ಜಾರಿ ತಿರುಗಿದರೆ ಇರುವ ಸಂದಿಯೂ ಮುಚ್ಚೀತು. ಏನೆಂದು ಗೊತ್ತಿಲ್ಲದೆ ಒಳಗೆ ಇಕ್ಕಳ ಹಾಕಿದರೆ ಕತ್ತಲಲ್ಲಿ ತಡಕಿದಂತೆ.

"ಅಮ್ಮಾ, ಮಗು ಬಾಯಿಗೆ ಏನು ಹಾಕ್ಕೊಂಡಳು?"

"ಬಿಸ್ಕತ್ತು," ಎಂದಳು ಮೆಣಸಿನ ಅಮ್ಮ. ನೆಲ ನೋಡುತ್ತ ಹೇಳಿದಳು.

ಸಿದ್ಧತೆ ಮಾಡಿಸುತ್ತೇನೆ, ನೆನಪಾದರೆ ಹೇಳಿ ಎಂದು ಡಾಕ್ಟ್ರಮ್ಮ ಒಳಗೆ ಹೋದರು.

ಮೆಣಸಿನ ಅಮ್ಮನ ಕೈ ಏಪ್ರನ್ನಿನ ಅಂಚನ್ನು ಹಿಸುಕುತ್ತಿತ್ತು. ಬಿಟ್ಟಿತು, ಮತ್ತೆ ಹಿಸುಕಿತು. ನಾನು ಏನೋ ಕೇಳಲು ಹೊರಟೆ. ಕಿವಿಯಕ್ಕ ಕಣ್ಣಲ್ಲೇ ತಡೆದಳು. ಅವಳು ಗದರಲಿಲ್ಲ, ಆಣೆ ಹಾಕಿಸಲಿಲ್ಲ. "ಬಾ ಇಲ್ಲಿ, ನೀನೂ ಒಂದ್ಸಲ ಕೇಳು," ಎಂದಳು. ಆ ತಾಯಿಯ ತಲೆಯನ್ನು ಮೆಲ್ಲಗೆ ಬಾಗಿಸಿ, ಕಿವಿಯನ್ನು ಮಗುವಿನ ಬೆನ್ನಿನ ಎಡಗಡೆ ಇಟ್ಟಳು. "ಇದು ನಿನ್ನ ಮಗಳು." ಬಲಗಡೆಗೆ ಸರಿಸಿದಳು. "ಇದು ಬೇರೆ ಯಾರೋ."

ಅಲ್ಲಿ ಮೇಲೆ ಯಂತ್ರಗಳು ಓಡುತ್ತಿರಲಿಲ್ಲ. ಆ ತಾಯಿ ಕೇಳಿದಳು. ತುಂಬ ಹೊತ್ತು ಕೇಳಿದಳು. ತಲೆಯೆತ್ತಿದಾಗ ಅವಳ ಮುಖ ಬೇರೆಯಾಗಿತ್ತು.

"ಒಂದು ಕಡಿಮೆ ಇತ್ತು ಅಕ್ಕಾ," ಎಂದಳು.

ಬಿಡುವಿನಿಂದ ಹಿಂದಿರುಗಿ ಕೈಯಲ್ಲಿದ್ದ ಕಟ್ಟು ಮುಗಿಸಿದಾಗ ಒಂದು ಗುಂಡಿ ಕಡಿಮೆ ಬಂದಿತ್ತು. ಬಿಡುವಿಗೆ ಇಳಿಯುವಾಗ ಜೇಬಿಗೆ ಬಿದ್ದಿದ್ದಿರಬೇಕು, ಮಡಿಲಲ್ಲಿ ಕೂತ ಮಗು ಜೇಬಿಗೆ ಕೈ ಹಾಕಿದ್ದಿರಬೇಕು. ಹೇಳಿದರೆ ಸಾಲು ನಿಲ್ಲುತ್ತದೆ, ಲಾರಿ ನಿಲ್ಲುತ್ತದೆ, ಮೂವತ್ತು ಹೆಂಗಸರು ಸಂಜೆವರೆಗೆ ನೆಲ ತಡಕಬೇಕು. ಅದಕ್ಕೇ ಆ ಸಾಲಿನವರೆಲ್ಲ ಮಾಡುವುದನ್ನೇ ಅವಳೂ ಮಾಡಿದ್ದಳು. ಅವರೆಲ್ಲರ ಏಪ್ರನ್ನಿನ ಒಳಮಡಿಕೆಯಲ್ಲಿ ಒಂದೆರಡು ಗುಂಡಿ ಹೊಲಿದಿಟ್ಟಿರುತ್ತಾರೆ. ಅಂಗಿಯ ಬಗೆ ಬದಲಾದಾಗಲೆಲ್ಲ, ಎಣಿಸಿ ಕೊಡುವಾಗ ಕೈತಪ್ಪಿ ಹೆಚ್ಚಿಗೆ ಬಂದದ್ದನ್ನು ಉಳಿಸಿಕೊಂಡದ್ದು. ಕಡಿಮೆ ಬಂದವಳು ಹೊಲಿಗೆ ಬಿಚ್ಚಿ ಲೆಕ್ಕ ತುಂಬುತ್ತಾಳೆ. ಇದನ್ನು ಮೇಲಿನವರಿಗೆ ಯಾರೂ ಹೇಳಿಲ್ಲ. ಹೇಳಿದರೆ ಅವಳೊಬ್ಬಳ ಕೆಲಸ ಹೋಗುವುದಲ್ಲ, ಎಲ್ಲರ ಮಡಿಕೆಯೂ ಬಿಚ್ಚುತ್ತದೆ. ಮಗು ಮತ್ತೆ ನಕ್ಕದ್ದನ್ನು ನೆನೆದು, ಬಿಸ್ಕತ್ತೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಪುಸ್ತಕದಲ್ಲೂ ಲೆಕ್ಕ ಸರಿ ಇತ್ತಲ್ಲ.

ಕಿವಿಯಕ್ಕ ಕೇಳಿದ್ದು ಒಂದೇ ಮಾತು. "ಇನ್ನೊಂದು ಇದೆಯಾ?"

ಅವಳು ಹಲ್ಲಿನಿಂದಲೇ ಹೊಲಿಗೆ ಕಡಿದಳು. ಅಂಗೈಗೆ ಒಂದು ಬಿಳಿ ಗುಂಡಿ ಬಿತ್ತು. ಕಾಲರಿನ ತುದಿಗೆ ಹಾಕುವಂಥದ್ದು, ಬೇಳೆಗಿಂತ ತುಸು ದೊಡ್ಡದು, ನಾಲ್ಕು ತೂತು.

ಕಿವಿಯಕ್ಕ ಅದನ್ನು ತೆಗೆದುಕೊಂಡು ಒಳಗೆ ಓಡಿದಳು. ಬಾಗಿಲು ತೆರೆದೇ ಇತ್ತು, ನಾನು ನೋಡಿದೆ. ಡಾಕ್ಟ್ರಮ್ಮ ಗುಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಪೆನ್ಸಿಲ್ ದಪ್ಪದ ಒಂದು ಕೊಳವೆಯೊಳಗೆ ಅದನ್ನು ಅಡ್ಡ ನಿಲ್ಲಿಸಿ, ಉದ್ದನೆಯ ಇಕ್ಕಳಗಳನ್ನು ಒಂದೊಂದಾಗಿ ಇಳಿಸಿ ಹಿಡಿದು ನೋಡಿದರು. ಮೊದಲನೆಯದು ಜಾರಿತು. ಎರಡನೆಯದು ಹಿಡಿದಂತೆ ಮಾಡಿ ಬಿಟ್ಟಿತು. ಮೂರನೆಯದರ ತುದಿಯಲ್ಲಿ ಸೂಜಿಯಂಥ ಸಣ್ಣ ಕೊಕ್ಕೆ. ಅದು ತೂತಿನೊಳಗೆ ಹೋಗಿ ಗುಂಡಿಯನ್ನು ಎತ್ತಿಕೊಂಡು ಬಂತು. ಮತ್ತೆ ಹಾಕಿದರು, ಮತ್ತೆ ಎತ್ತಿದರು. ಆರು ಸಲ. ಆಮೇಲೆ ಕೈ ತೊಳೆದರು.

ಮಗುವನ್ನು ನನ್ನ ಮಡಿಲಿಂದ ಎತ್ತಿಕೊಂಡು ಹೋದರು. ಮಡಿಲು ಬಿಸಿ ಇತ್ತು, ಸ್ವಲ್ಪ ಹೊತ್ತಿಗೆ ತಣ್ಣಗಾಯಿತು. ಕಿವಿಯಕ್ಕ ಮುಚ್ಚಿದ ಬಾಗಿಲಿನ ಕಡೆ ತಲೆ ವಾಲಿಸಿ ಕೂತಿದ್ದಳು. ಏನಾದರೂ ಕೇಳುತ್ತಿದೆಯಾ ಎಂದೆ. ಬಾಗಿಲು ದಪ್ಪ ಇದೆ ಕಣಜ್ಜಿ ಎಂದಳು. ಅವಳಿಗೆ ಏನೂ ಕೇಳದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಐದು ಗಂಟೆಯ ಬಿಸಿಲು ಬೆಂಚಿನ ಕಾಲಿಗೆ ಬಂದಾಗ ಬಾಗಿಲು ತೆರೆಯಿತು. ಡಾಕ್ಟ್ರಮ್ಮನ ಕೈಯಲ್ಲಿ ಒಂದು ಸ್ಟೀಲ್ ಬಟ್ಟಲು. ಅದರಲ್ಲಿ ಎರಡು ಗುಂಡಿ, ಒಂದು ಒಣಗಿದ್ದು, ಒಂದು ಒದ್ದೆ. ಮಗು ಚೆನ್ನಾಗಿದ್ದಾಳೆ, ಎರಡು ದಿನ ಇಲ್ಲೇ ಇರಲಿ ಎಂದರು.

ಡಾಕ್ಟ್ರಮ್ಮ ಒದ್ದೆ ಗುಂಡಿಯನ್ನು ತೋರಿಸಿ ಹೇಳಿದ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಗುಂಡಿ ಆ ಸಣ್ಣ ನಾಳಕ್ಕೆ ಮುಚ್ಚಳದಂತೆ ಕೂತಿತ್ತಂತೆ. ಆ ಕಡೆ ಹೋಗುವ ಬರುವ ಗಾಳಿಯೆಲ್ಲ ಆ ನಾಲ್ಕು ತೂತಿನಿಂದಲೇ ಹೋಗಿ ಬರುತ್ತಿತ್ತಂತೆ. ದಾರ ಹಾಯಿಸಲು ಕೊರೆದ ತೂತು. ಅದರಲ್ಲೇ ಒಂದು ಮಗುವಿನ ಅರ್ಧ ಉಸಿರು ಆರು ಗಂಟೆ ಕಾಲ ಹಾಯ್ದಿತ್ತು. ಅವಳು ಕೇಳಿದ್ದು ಅದನ್ನು, ನಾನೂರು ಯಂತ್ರಗಳ ಕೆಳಗೆ ಕೂತು. ಕೊಕ್ಕೆ ಹಿಡಿದದ್ದೂ ಆ ತೂತನ್ನೇ.

ಮರುದಿನ ಮೆಣಸಿನ ಅಮ್ಮ ಆಸ್ಪತ್ರೆಯಿಂದಲೇ ಬಂದು ಸೂಪರ್‌ವೈಸರ್ ಮುಂದೆ ನಿಂತಳು. ತನ್ನ ಮಡಿಕೆಯ ಮಾತು ಹೇಳಿದಳು, ಬೇರೆಯವರ ಮಾತು ಎತ್ತಲಿಲ್ಲ. ಕಿವಿಯಕ್ಕ ಪಕ್ಕದಲ್ಲೇ ನಿಂತಿದ್ದಳು. ಅವನು ಬಹಳ ಹೊತ್ತು ಪುಸ್ತಕದ ಹಾಳೆ ತಿರುವಿದ. ಅವಳನ್ನು ಗುಂಡಿ ವಿಭಾಗದಿಂದ ತೆಗೆದು ದಾರ ಕತ್ತರಿಸಲು ಹಾಕಿದ. ಕೆಲಸ ತೆಗೆಯಲಿಲ್ಲ. ಒಂದು ಗುಂಡಿ ಕಡಿಮೆಯಾದರೆ ಇಡೀ ಸಾಲು ನಿಲ್ಲಿಸುವುದನ್ನು ಅವನು ಬಿಟ್ಟನೋ ಇಲ್ಲವೋ ನನಗೆ ತಿಳಿಯದು.

ಆ ದಿನದ ಬಿಡುವಿಗೆ ಹೆಂಗಸರು ಎಂದಿನಂತೆ ಇಳಿದು ಬಂದರು. ಮೊದಲು ಬಂದವಳು ಬಿಳಿ ಬಟ್ಟೆಯ ಮೇಲೆ ನಿಂತು ಏಪ್ರನ್ ಕೊಡವಿದಳು, ಜೇಬು ತೆಗೆದಳು. ಆಮೇಲೆ ಬಗ್ಗಿ ಒಳಮಡಿಕೆಯ ಹೊಲಿಗೆಯನ್ನು ಕಿತ್ತಳು. ಟಪ್ ಎಂದು ಒಂದು ಗುಂಡಿ ಬಿತ್ತು. ಹಿಂದಿದ್ದವಳೂ ಹಾಗೇ ಮಾಡಿದಳು. ಅದರ ಹಿಂದಿನವಳು ತುರುಬಿಗೆ ಕೈ ಹಾಕಿದಳು. ಮಳೆ ಶುರುವಾಗುವಾಗ ತಗಡಿನ ಮೇಲೆ ಹನಿ ಬಿದ್ದಂತೆ ಒಂದೊಂದೇ ಬೀಳುತ್ತಿತ್ತು. ನೀಲಿ, ಕಂದು, ಬಿಳಿ. ಎಂದೋ ಹಡಗು ಹತ್ತಿ ಹೋದ ಅಂಗಿಗಳ ಗುಂಡಿಗಳೂ ಇದ್ದವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೂಪರ್‌ವೈಸರ್ ಮೆಟ್ಟಿಲ ಮೇಲೆ ನಿಂತಿದ್ದ. ಅವನಿಗೆ ಆಗಲೇ ಛಾವಣಿಯ ಬಲ್ಬು ಕೆಟ್ಟಿದೆಯಾ ಎಂದು ನೋಡಬೇಕಾಗಿ ಬಂತು. ಕಿವಿಯಕ್ಕ ಎಲ್ಲವನ್ನೂ ಆರಿಸಿ ಹಾಲಿನ ಲೋಟಕ್ಕೆ ಹಾಕಿದಳು. ಲೋಟ ತುಂಬಿತು.

ನಾಲ್ಕನೇ ದಿನ ಮೆಣಸು ಬಂದಳು. ಅವಳ ಅಮ್ಮ ಹೊಸ್ತಿಲಲ್ಲಿ ನಿಂತು ಏಪ್ರನ್ನನ್ನು ಎರಡೆರಡು ಸಲ ಕೊಡವಿ ಒಳಗೆ ಬಂದು, ಮಗುವನ್ನು ಕಿವಿಯಕ್ಕನ ಮಡಿಲಿಗೆ ಇಟ್ಟಳು. ಕಿವಿಯಕ್ಕ ಆ ಪುಟ್ಟ ಬೆನ್ನಿಗೆ ಕಿವಿಯಿಟ್ಟಳು. ಬಾಗಿಲಲ್ಲಿ ಹತ್ತಾರು ಹೆಂಗಸರು ತಮ್ಮ ಉಸಿರನ್ನೇ ಹಿಡಿದು ನಿಂತಿದ್ದರು.

"ಏನು ಕೇಳ್ತಿದೆ ಅಕ್ಕಾ?" ಎಂದಳು ಆ ತಾಯಿ.

"ಏನೂ ಇಲ್ಲ ಕಣೇ. ಬರೀ ಗಾಳಿ."

ಮೆಣಸಿಗೆ ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. ಹೊರಳಿ ಎದ್ದು, ಕಿವಿಯಕ್ಕನ ಕಿವಿಯನ್ನು ಎರಡೂ ಕೈಯಿಂದ ಹಿಡಿದು, ಕೆನ್ನೆಯುಬ್ಬಿಸಿ ಅದರೊಳಗೆ ಜೋರಾಗಿ ಊದಿದಳು.